ಬೋಟಿನ ಟ್ರ್ಯಾಕರ್ ಸುಮ್ಮನಾದರೆ ಮೊದಲು ಎಲ್ಲಿ ನೋಡಬೇಕು?

ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ, ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಸುವ ಬ್ಯಾಟರಿ ಟ್ರ್ಯಾಕರ್‌ಗಳ ಬಗ್ಗೆ ಪತ್ರಗಳು ಬರತೊಡಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಆಳಸಮುದ್ರದ ಟ್ರಾಲ್ ಬೋಟು. ಉಪಗ್ರಹದ ಮೂಲಕ ಸ್ಥಾನ ಕಳುಹಿಸುವ, ಒಳಗೇ ಬ್ಯಾಟರಿ ಇರುವ ಟ್ರ್ಯಾಕರ್ ಹಾಕಿಸಿದ್ದೇವೆ. ಧಕ್ಕೆಯಲ್ಲಿ (ಬೋಟು ಕಟ್ಟುವ ಬಂದರು ಕಟ್ಟೆಯಲ್ಲಿ) ಇದ್ದಾಗ ಗಂಟೆಗೊಮ್ಮೆ ತಪ್ಪದೆ ತೋರಿಸುತ್ತದೆ. ಹೊರಟ ಮೇಲೆ ಮೊದಲ ನಾಲ್ಕೈದು ದಿನ ಅಲ್ಲೊಂದು ಇಲ್ಲೊಂದು ಬಿಂದು ಬರುತ್ತದೆ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಮಾರಿದವರು ಬ್ಯಾಟರಿ ಬದಲಿಸಿ ಎನ್ನುತ್ತಾರೆ. ಚಿತ್ರಗಳನ್ನು ಕಳುಹಿಸಿದ್ದೇನೆ. — ಬೋಟು ಮಾಲೀಕರು, ಮಲ್ಪೆ

ಉತ್ತರ: ಬ್ಯಾಟರಿ ಬದಲಿಸಬೇಡಿ, ದುಡ್ಡು ದಂಡ. ಸೋತ ಬ್ಯಾಟರಿ ದಿನ ಕಳೆದಂತೆ ಇನ್ನಷ್ಟು ಸೋಲುತ್ತದೆಯೇ ಹೊರತು ಐದನೆಯ ದಿನ ಚೇತರಿಸಿಕೊಳ್ಳುವುದಿಲ್ಲ.

ನಿಮ್ಮ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಧಕ್ಕೆಯಲ್ಲಿ ತೆಗೆದ ಚಿತ್ರದಲ್ಲಿ ಕ್ಯಾಬಿನ್ನಿನ ಛಾವಣಿ ಖಾಲಿಯಿದೆ. ಹೊರಡುವ ದಿನದ ಚಿತ್ರದಲ್ಲಿ ಅದೇ ಛಾವಣಿಯ ಮೇಲೆ ಆರು ನೀಲಿ ನೀರಿನ ಡ್ರಮ್ಮುಗಳು, ಅವುಗಳ ಮೇಲೊಂದು ಒದ್ದೆ ಬಲೆಯ ರಾಶಿ. ಕಳ್ಳರ ಭಯಕ್ಕೋ ಏನೋ, ಟ್ರ್ಯಾಕರನ್ನು ಆ ಛಾವಣಿಯ ಕೆಳಗೆ ತಿರುಪು ಹಾಕಿ ಕೂರಿಸಿದ್ದೀರಿ. ಛಾವಣಿ ಫೈಬರಿನದು. ಒಣ ಫೈಬರ್, ಮರ, ಪ್ಲಾಸ್ಟಿಕ್ ಇವೆಲ್ಲ ಉಪಗ್ರಹದ ಸಂಕೇತವನ್ನು ಬಹುಮಟ್ಟಿಗೆ ಒಳಕ್ಕೆ ಬಿಡುತ್ತವೆ. ಲೋಹ ಬಿಡುವುದಿಲ್ಲ, ನೀರೂ ಬಿಡುವುದಿಲ್ಲ. ತುಂಬಿದ ಡ್ರಮ್ಮುಗಳ ಕೆಳಗೆ ಕುಳಿತ ಪೆಟ್ಟಿಗೆಗೆ ಆಕಾಶವೇ ಇಲ್ಲ. ಕಲಾಸಿಗಳು (ಬೋಟಿನ ಕೆಲಸಗಾರರು) ನೀರು ಖರ್ಚು ಮಾಡಿದಂತೆಲ್ಲ ನಿಮ್ಮ ನಕ್ಷೆಯಲ್ಲಿ ಬಿಂದುಗಳು ಹೆಚ್ಚುತ್ತಿವೆ, ಅಷ್ಟೇ. ಖಾತ್ರಿಯಾಗಬೇಕಿದ್ದರೆ ಮುಂದಿನ ಸಲ ಡ್ರಮ್ಮುಗಳನ್ನು ಹಿಂದಿನ ಡೆಕ್ಕಿನಲ್ಲಿಟ್ಟು ಹೊರಡಲು ಹೇಳಿ.

ಪೆಟ್ಟಿಗೆ ಇರಬೇಕಾದ ಜಾಗ ಛಾವಣಿಯ ಮೇಲಿನ ಕಂಬಿ ಅಥವಾ ಕಂಬದ ತುದಿ. ಅದಕ್ಕಿಂತ ಮೇಲೆ ಏನೂ ಇರಬಾರದು, ಅದರ ಮುಖ ನೇರ ಆಕಾಶಕ್ಕಿರಬೇಕು. ರಾಡಾರ್ ಇದ್ದರೆ ಅದು ಸುತ್ತುವ ಮಟ್ಟಕ್ಕೆ ಸರಿಯಾಗಿ ಎದುರು ಇಡಬೇಡಿ. ವಯರ್‌ಲೆಸ್ ಆಂಟೆನಾದಿಂದ ಒಂದು ಮೀಟರಾದರೂ ದೂರವಿರಲಿ. ದಿಕ್ಸೂಚಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕೆಲವು ಟ್ರ್ಯಾಕರ್‌ಗಳನ್ನು ಚಾಲೂ ಮಾಡುವುದೇ ಅಯಸ್ಕಾಂತದಿಂದ, ಕೆಲವಕ್ಕೆ ಕೂರಿಸುವ ತಳದಲ್ಲೇ ಅಯಸ್ಕಾಂತವಿರುತ್ತದೆ. ಒಬ್ಬರು ಪೆಟ್ಟಿಗೆ ಹಿಡಿದು ಹತ್ತಿರ ತರಲಿ, ಇನ್ನೊಬ್ಬರು ದಿಕ್ಸೂಚಿಯ ಮುಳ್ಳನ್ನು ನೋಡುತ್ತಿರಲಿ. ಮುಳ್ಳು ಕದಲಿದರೆ ಅಲ್ಲಿಂದ ದೂರ ಒಯ್ಯಿರಿ.

ಅಂಟುಪಟ್ಟಿಯನ್ನು ನಂಬಿ ಕೂರಿಸುವವರೂ ಇದ್ದಾರೆ. ಉಪ್ಪಿನ ಪದರದ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಸ್ಟೇನ್‌ಲೆಸ್ ಬೋಲ್ಟು ಹಾಕಿ, ಕೆಳಗೊಂದು ರಬ್ಬರ್ ಕೊಡಿ. ಆಗಸ್ಟಿಗೆ ಮುಂಚೆ ಬೋಟಿಗೆ ಬಣ್ಣ ಹೊಡೆಸುವಾಗ ಪೆಟ್ಟಿಗೆಗೂ ಸೇರಿಸಿ ಬಳಿದುಬಿಡುವುದನ್ನು ಪ್ರತಿ ವರ್ಷ ನೋಡುತ್ತೇನೆ. ಅಲ್ಯೂಮಿನಿಯಂ ಬಣ್ಣವಂತೂ ಲೋಹದ ಮುಸುಕು ಹಾಕಿದಂತೆ.

ಕೂರಿಸಿದ ಮೇಲೆ ಧಕ್ಕೆಯಲ್ಲೇ ಚಾಲೂ ಮಾಡಿ, ಮೊದಲ ಬಿಂದು ನಕ್ಷೆಯಲ್ಲಿ ಮೂಡುವವರೆಗೆ ಕಾಯಿರಿ. ತಿಂಗಳುಗಟ್ಟಲೆ ಆರಿದ್ದ ಸಾಧನ ಜಿಪಿಎಸ್ ಉಪಗ್ರಹಗಳ ಪೂರ್ಣ ಪಟ್ಟಿಯನ್ನು ಹೊಸದಾಗಿ ಇಳಿಸಿಕೊಳ್ಳಬೇಕಾದರೆ ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಎರಡು ನಿಮಿಷಕ್ಕೇ ತಾಳ್ಮೆಗೆಟ್ಟು ಆರಿಸಿ ಹಚ್ಚಿದರೆ ಅದು ಮತ್ತೆ ಮೊದಲಿನಿಂದ ಶುರುಮಾಡುತ್ತದೆ.

ಪ್ರಶ್ನೆ: ನಾಡದೋಣಿಯಲ್ಲಿ ಸೆಲ್ ಹಾಕುವ ಚಿಕ್ಕ ಟ್ರ್ಯಾಕರ್ ಇದೆ. ಅದರೊಂದಿಗೆ ಬಂದ ಸೆಲ್ಲುಗಳು ನಾಲ್ಕು ತಿಂಗಳು ಬಂದವು. ಪೇಟೆಯಿಂದ ತಂದವು ಎರಡು ವಾರಕ್ಕೇ ಮುಗಿದವು. ಅವನ್ನೇ ತೆಗೆದು ಟಾರ್ಚಿಗೆ ಹಾಕಿದರೆ ಚೆನ್ನಾಗಿ ಉರಿಯುತ್ತದೆ! ಟ್ರ್ಯಾಕರ್ ಕೆಟ್ಟಿದೆಯೇ? — ಹೊನ್ನಾವರ

ಉತ್ತರ: ಕೆಟ್ಟಿಲ್ಲ. ಮೊದಲು ಬಂದವು 1.5 ವೋಲ್ಟಿನ ಲಿಥಿಯಂ ಸೆಲ್ಲುಗಳಾಗಿರಬೇಕು, ನೀವು ತಂದವು ಆಲ್ಕಲೈನ್ ಅಥವಾ ಗಡಿಯಾರಕ್ಕೆ ಹಾಕುವ ಸಾಧಾರಣ ಪೆನ್ಸಿಲ್ ಸೆಲ್. ಟಾರ್ಚು ಒಂದೇ ಸಮನೆ ಸ್ವಲ್ಪ ಸ್ವಲ್ಪ ಕರೆಂಟು ಎಳೆಯುತ್ತದೆ. ಟ್ರ್ಯಾಕರ್ ಹಾಗಲ್ಲ: ಬಹುಹೊತ್ತು ನಿದ್ದೆಯಲ್ಲಿದ್ದು, ಸಂದೇಶ ಕಳುಹಿಸುವ ಕೆಲವು ಕ್ಷಣ ಮಾತ್ರ ಜೋರಾಗಿ ಎಳೆಯುತ್ತದೆ. ಅರ್ಧ ಬಳಸಿದ ಆಲ್ಕಲೈನ್ ಸೆಲ್ಲಿನ ವೋಲ್ಟೇಜು ಆ ಕ್ಷಣದಲ್ಲಿ ಕುಸಿಯುತ್ತದೆ, ಸಾಧನ ತನ್ನ ಬ್ಯಾಟರಿ ಮುಗಿಯಿತೆಂದು ತಿಳಿದು ಆರಿಹೋಗುತ್ತದೆ. ಸೆಲ್ಲಿನಿಂದ ಕರೆಂಟು ಎಳೆಯದೆ ಬರಿದೇ ಮಲ್ಟಿಮೀಟರ್ ಹಿಡಿದು ಅಳೆದರೂ ಈ ದೋಷ ಕಾಣುವುದಿಲ್ಲ.

ಅಂಗಡಿಯಲ್ಲಿ ಲಿಥಿಯಂ ಎಂದು ಕೇಳುವಾಗ ವೋಲ್ಟನ್ನೂ ಹೇಳಿ ಕೇಳಿ. ಪೆನ್ಸಿಲ್ ಸೆಲ್ಲಿನ ಗಾತ್ರದಲ್ಲೇ 3.6 ವೋಲ್ಟಿನ ಲಿಥಿಯಂ ಸೆಲ್ಲೂ ಸಿಗುತ್ತದೆ, ನೋಡಲು ಒಂದೇ ತರಹ. ಅದನ್ನು ಹಾಕಿದರೆ ಟ್ರ್ಯಾಕರ್ ನಿಜವಾಗಿಯೂ ಕೆಡುತ್ತದೆ. ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ. 3.6 ವೋಲ್ಟಿನದನ್ನೇ ಬೇಡುವ ದೊಡ್ಡ ಟ್ರ್ಯಾಕರ್‌ಗಳಿಗೆ ಬೇರೊಂದು ಚಾಳಿ ಇದೆ: ಬಹುಕಾಲ ಬಳಸದೆ ಇಟ್ಟ ಸೆಲ್ಲಿನೊಳಗೆ ಲಿಥಿಯಂ ಮೇಲೊಂದು ತೆಳು ಪೊರೆ ಕಟ್ಟಿಕೊಂಡು, ಮೊದಲ ಕೆಲವು ಸಂದೇಶಗಳು ತಪ್ಪುತ್ತವೆ. ಬಳಸುತ್ತಾ ಹೋದಂತೆ ಪೊರೆ ಹರಿದು ಸರಿಹೋಗುತ್ತದೆ.

ಎಷ್ಟು ನಿಮಿಷಕ್ಕೊಮ್ಮೆ ಕಳುಹಿಸುತ್ತಿದೆ ಎಂಬುದನ್ನೂ ನೋಡಿ. ಹತ್ತು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 144 ಸಂದೇಶ, ಗಂಟೆಗೊಮ್ಮೆ ಎಂದರೆ 24. ಸಂಜೆ ಹೋಗಿ ಬೆಳಿಗ್ಗೆ ಬರುವ ದೋಣಿಗೆ ಅರ್ಧ ಗಂಟೆಗೊಮ್ಮೆ ಸಾಕು ಎಂಬುದು ನನ್ನ ಅಭಿಪ್ರಾಯ. ಮೇಲಿನ ಮಲ್ಪೆಯವರ ಪೆಟ್ಟಿಗೆಯಂತೆ ಆಕಾಶ ಕಾಣದೆ ಕುಳಿತರೆ, ಉಪಗ್ರಹ ಹುಡುಕುವುದರಲ್ಲೇ ಬ್ಯಾಟರಿ ಸವೆಯುತ್ತದೆ.

ಸೆಲ್ ಬದಲಿಸುವಾಗ ಮುಚ್ಚಳದ ರಬ್ಬರ್ ಉಂಗುರವನ್ನು ಬೆರಳಿನಿಂದ ಸುತ್ತಲೂ ಸವರಿ. ಒಂದು ಮರಳಿನ ಕಣ, ಬಲೆಯ ಒಂದು ಎಳೆ ಅಲ್ಲಿ ಸಿಕ್ಕಿಕೊಂಡರೂ ನೀರು ಒಳಹೋಗುತ್ತದೆ. ನೀರು ತಡೆಯುವ ದರ್ಜೆ ಐಪಿ 67 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಆ ಪರೀಕ್ಷೆ ನಡೆದದ್ದು ಉಂಗುರ ಹೊಸದಾಗಿದ್ದಾಗ, ಸಿಹಿನೀರಿನಲ್ಲಿ. ಆಲ್ಕಲೈನ್ ಸೆಲ್ ಸೋರಿ ತಗಡಿನ ಮೇಲೆ ಬಿಳಿ ಹುಡಿ ಕಟ್ಟಿದ್ದರೆ ಹತ್ತಿಯಲ್ಲಿ ಸ್ವಲ್ಪ ವಿನೆಗರ್ ತೆಗೆದುಕೊಂಡು ಒರೆಸಿ, ಬಳಿಕ ಚೆನ್ನಾಗಿ ಒಣಗಿಸಿ. ಜೂನ್, ಜುಲೈನಲ್ಲಿ ಟ್ರ್ಯಾಕರ್ ಮೂಲೆ ಸೇರುವುದಾದರೆ ಸೆಲ್ ತೆಗೆದಿಡಿ. ರೀಚಾರ್ಜ್ ಆಗುವ ಬ್ಯಾಟರಿಯಿದ್ದರೆ ಅರ್ಧ ಚಾರ್ಜಿನಲ್ಲಿಡಿ. ಪೂರ್ತಿ ಖಾಲಿಯಾಗಿ ಎರಡು ತಿಂಗಳು ಬಿದ್ದರೆ ಅದು ಏಳುವುದು ಕಷ್ಟ. ಸೌರಫಲಕದ ಟ್ರ್ಯಾಕರಾದರೆ ಹಕ್ಕಿ ಹಿಕ್ಕೆ, ಉಪ್ಪು, ಮೀನಿನ ಪೊರೆ ಇವನ್ನು ಆಗಾಗ ತೊಳೆಯುವುದೇ ಅದರ ರಿಪೇರಿ.

ಪ್ರಶ್ನೆ: ದುಬೈಯಲ್ಲಿರುವ ತಮ್ಮ ಅಲ್ಲಿನ ಒಂದು ಉಪಗ್ರಹ ಟ್ರ್ಯಾಕರ್ ತರುತ್ತೇನೆ ಎನ್ನುತ್ತಾನೆ. ಬೋಟಿಗೆ ಹಾಕಬಹುದೇ? — ಗಂಗೊಳ್ಳಿ

ಉತ್ತರ: ಬೇಡವೇ ಬೇಡ. ಉಪಗ್ರಹಕ್ಕೆ ಸಂದೇಶ ಕಳುಹಿಸುವ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ತಮ್ಮನ ಮೇಲೆ ಮೊಕದ್ದಮೆಯಾದೀತು. 2008ರಲ್ಲಿ ಮುಂಬೈ ದಾಳಿಕೋರರು ಬಂದದ್ದು ಅಪಹರಿಸಿದ ಮೀನುಗಾರಿಕಾ ಬೋಟಿನಲ್ಲಿ, ಅವರ ಬಳಿ ಇದ್ದದ್ದು ತುರಾಯಾ ಉಪಗ್ರಹ ಫೋನು. ಕರಾವಳಿಯಲ್ಲಿ ಈ ವಿಷಯಕ್ಕೆ ವಿನಾಯಿತಿ ನಿರೀಕ್ಷಿಸಬೇಡಿ. ಅದರ ಬದಲು ಇಸ್ರೊ ಅಭಿವೃದ್ಧಿಪಡಿಸಿದ, ಉಪಗ್ರಹದ ಮೂಲಕ ದಡದ ಸಂಪರ್ಕದಲ್ಲಿಡುವ ಟ್ರಾನ್ಸ್‌ಪಾಂಡರಿಗಾಗಿ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಹಾಕುವ ಯೋಜನೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಉದ್ಘಾಟನೆಯಾಗಿದೆ. ಅದರಲ್ಲಿ ದಡಕ್ಕೆ ಸಂದೇಶ ಕಳುಹಿಸಲೂ ಬರುತ್ತದೆ, ದಡದಿಂದ ಪಡೆಯಲೂ ಬರುತ್ತದೆ.

ಪ್ರಶ್ನೆ: ನನ್ನ ಯಜಮಾನರು ತಾಂಡೇಲರು, ಅಂದರೆ ಬೋಟು ನಡೆಸುವವರು. ಮೊಬೈಲಿನಲ್ಲಿ ಬೋಟಿನ ಬಿಂದು ನಿಂತುಬಿಟ್ಟರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಎಷ್ಟು ಹೊತ್ತು ಕಾಯಬೇಕು, ಯಾರಿಗೆ ಹೇಳಬೇಕು? — ಉಳ್ಳಾಲ

ಉತ್ತರ: ಅಮ್ಮಾ, ನಿಂತ ಬಿಂದು ಎರಡು ಬಗೆ. ಬಿಂದು ಒಂದೇ ಕಡೆ ಇದ್ದು ಅದರ ಸಮಯ ಮುಂದೆ ಸಾಗುತ್ತಿದ್ದರೆ ಟ್ರ್ಯಾಕರ್ ಕೆಲಸ ಮಾಡುತ್ತಿದೆ. ಬೋಟು ಲಂಗರು ಹಾಕಿರಬಹುದು, ಎಂಜಿನ್ ಕೈಕೊಟ್ಟಿರಲೂಬಹುದು. ಸಮಯವೂ ನಿಂತಿದ್ದರೆ ಸಂದೇಶ ಬರುತ್ತಿಲ್ಲ ಎಂದಷ್ಟೇ ತಿಳಿಯಬೇಕು. ಸಿಮ್ ಹಾಕಿದ ಟ್ರ್ಯಾಕರಾದರೆ ದಡ ದೂರವಾದಂತೆ ಅದು ಸುಮ್ಮನಾಗುವುದು ಸಹಜ, ಮರಳುವಾಗ ಕೂಡಿಟ್ಟ ಬಿಂದುಗಳನ್ನೆಲ್ಲ ಒಟ್ಟಿಗೆ ಕಳುಹಿಸುತ್ತದೆ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಳ್ಳೆಯ ಮೀನು ಸಿಕ್ಕ ಜಾಗ ಬೇರೆ ಬೋಟಿನವರಿಗೆ ಗೊತ್ತಾಗಬಾರದೆಂದು ಕೆಲವು ತಾಂಡೇಲರು ತಾವೇ ಪೆಟ್ಟಿಗೆಯನ್ನು ಆರಿಸುತ್ತಾರೆ. ನಿಮ್ಮ ಯಜಮಾನರೂ ಹಾಗೆ ಮಾಡುತ್ತಾರೆಯೇ ಎಂದು ಕೇಳಿಡಿ. ಮಾಡುವುದಾದರೆ ಮನೆಯವರಿಗೆ ಮಾತ್ರ ಕಾಣುವ ಹಾಗೆ ಖಾತೆಗೆ ಬೀಗ ಹಾಕಿಸಿಕೊಳ್ಳಲಿ, ಪೆಟ್ಟಿಗೆ ಆರಿಸುವುದು ಬೇಡ.

ಎಷ್ಟು ಹೊತ್ತು ಎಂಬುದನ್ನು ಹೊರಡುವ ಮುನ್ನವೇ ಇಬ್ಬರೂ ಕೂತು ನಿಶ್ಚಯಿಸಿ. ಗಂಟೆಗೊಮ್ಮೆ ಕಳುಹಿಸುವ ಟ್ರ್ಯಾಕರಿಗೆ ಒಂದೆರಡು ಸಂದೇಶ ತಪ್ಪುವುದು ಮಾಮೂಲು. ಆರು ತಪ್ಪಿದರೆ ಮೊದಲು ಮಾಲೀಕರಿಗೆ ಹೇಳಿ, ಹತ್ತಿರದ ಬೋಟುಗಳನ್ನು ವಯರ್‌ಲೆಸ್‌ನಲ್ಲಿ ಕರೆಯಲು ಹೇಳಿ. ಉತ್ತರ ಬರದಿದ್ದರೆ, ಅಥವಾ ಗಾಳಿಮಳೆಯಿದ್ದರೆ ಕಾಯದೆ, ಕರಾವಳಿ ಕಾವಲು ಪಡೆಯ 1554ಕ್ಕೆ, ಕರಾವಳಿ ಪೊಲೀಸರ 1093ಕ್ಕೆ ಕರೆ ಮಾಡಿ. ನಾಚಿಕೆ ಬೇಡ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಜನರೊಂದಿಗೆ ಹೋದ ಸುವರ್ಣ ತ್ರಿಭುಜ ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ.

ಫೋನಿನ ಪಕ್ಕ ಒಂದು ಚೀಟಿಯಲ್ಲಿ ಬೋಟಿನ ಹೆಸರು, ನೋಂದಣಿ ಸಂಖ್ಯೆ, ಬಣ್ಣ, ಎಷ್ಟು ಜನ ಎಂದು ಬರೆದಿಡಿ. ಕೊನೆಯ ಬಿಂದುವಿನ ಅಂಕಿಗಳನ್ನು ಹೇಳುವಾಗ ಮೊಬೈಲಿನಲ್ಲಿ ಕಂಡದ್ದನ್ನು ಕಂಡ ಹಾಗೆಯೇ, ಚುಕ್ಕೆ ಸಮೇತ ಓದಿ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ ಮೊಬೈಲಿನ 13.35 ಎಂದರೆ 13 ಡಿಗ್ರಿ 21 ನಿಮಿಷ. ಅದನ್ನು 13 ಡಿಗ್ರಿ 35 ನಿಮಿಷ ಎಂದು ಬರೆದುಕೊಂಡರೆ ಹುಡುಕುವವರು ಹದಿನಾಲ್ಕು ನಾಟಿಕಲ್ ಮೈಲಿ, ಅಂದರೆ ಸುಮಾರು 26 ಕಿಲೋಮೀಟರ್ ಉತ್ತರಕ್ಕೆ ಹೋಗಿರುತ್ತಾರೆ.