ಡಯಾಲಿಸಿಸ್ ನಡೀತಿರೋ ಅಪ್ಪಂಗೆ ಬೆನ್ನಿನ ಆಪರೇಷನ್ ಮಾಡಿಸ್ಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಂಗೆ 62 ವರ್ಷ. ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್, ಈಗ ಮೂತ್ರ ಬರೋದೇ ಇಲ್ಲ. ಆರು ತಿಂಗಳಿಂದ ಸೊಂಟದಿಂದ ಪಾದದವರೆಗೂ ಸೆಳೆತ, ಸ್ವಲ್ಪ ದೂರ ನಡೆದ್ರೆ ಕೂತ್ಕೊಂಡ್ಬಿಡ್ತಾರೆ. ಎಂಆರ್‌ಐ ನೋಡಿ ನರ ಒತ್ತಿದೆ, ಆಪರೇಷನ್ ಬೇಕಾಗ್ಬಹುದು ಅಂದ್ರು. ಮನೇಲಿ ಎಲ್ರೂ ಕಿಡ್ನಿ ಹೋದೋರಿಗೆ ಆಪರೇಷನ್ ಬೇಡ್ವೇ ಬೇಡ ಅಂತಿದಾರೆ. ಏನ್ ಮಾಡ್ಲಿ?

ಉತ್ತರ: ನಿಮ್ಮ ಮನೆಯವರ ಭಯ ಸುಳ್ಳಲ್ಲ, ಡಯಾಲಿಸಿಸ್‌ನಲ್ಲಿರೋರಿಗೆ ಬೆನ್ನಿನ ಆಪರೇಷನ್ ರಿಸ್ಕ್ ಬೇರೆಯವರಿಗಿಂತ ಜಾಸ್ತೀನೇ, ಜೀವಕ್ಕೆ ಅಪಾಯ ಆಗೋ ಸಾಧ್ಯತೆನೂ ಸೇರಿ. ಹಾಗಂತ ಬೇಡ್ವೇ ಬೇಡ ಅಂತ ಬಾಗಿಲು ಹಾಕ್ಬೇಡಿ. ನಾನು ಮೊದ್ಲು ನೋಡೋದು ಕಾಲಲ್ಲಿ ಶಕ್ತಿ ಇದ್ಯಾ ಅಂತ. ಅಪ್ಪನ್ನ ಹಿಡ್ಕೊಂಡು ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ, ಪಾದ ಮೇಲೇಳ್ತಿಲ್ವಾ, ಚಪ್ಪಲಿ ಜಾರಿ ಬಿದ್ರೂ ಗೊತ್ತಾಗ್ತಿಲ್ವಾ, ಹಾಗಿದ್ರೆ ಕಾಯೋ ಟೈಮ್ ಅಲ್ಲ. ಬರೀ ನೋವು, ಶಕ್ತಿ ಸರಿ ಇದೆ ಅಂದ್ರೆ ಔಷಧಿ, ಫಿಸಿಯೋಥೆರಪಿ ಮೊದ್ಲು ಸರಿಯಾಗಿ ಮಾಡಿ ನೋಡ್ಬಹುದು.

ಒಂದು ವಿಷ್ಯ ತುಂಬಾ ಜನ ಮಿಸ್ ಮಾಡ್ತಾರೆ. ಸೊಂಟದ ನರಗಳ ಗೊಂಚಲು ಜೋರಾಗಿ ಒತ್ತಿದ್ರೆ ಬೇರೆಯವರಿಗೆ ಮೂತ್ರ ಕಟ್ಟಿಕೊಳ್ಳತ್ತೆ, ತಕ್ಷಣ ಆಸ್ಪತ್ರೆಗೆ ಓಡ್ತಾರೆ. ನಿಮ್ಮ ತಂದೆಗೆ ಮೂತ್ರಾನೇ ಇಲ್ವಲ್ಲ, ಆ ಎಚ್ಚರಿಕೆ ಸಿಗೋದೇ ಇಲ್ಲ. ಅದಕ್ಕೆ ಮಲವಿಸರ್ಜನೆ ಕಂಟ್ರೋಲ್ ತಪ್ತಿದ್ಯಾ, ಕೂರೋ ಜಾಗ ಜೋಮು ಹಿಡಿದ ಹಾಗಿದ್ಯಾ ಅಂತ ನೀವೇ ಬಾಯ್ಬಿಟ್ಟು ಕೇಳ್ಬೇಕು, ಅಪ್ಪಂದಿರು ಸಂಕೋಚಕ್ಕೆ ಹೇಳಲ್ಲ. ಇದ್ರೆ ಅವತ್ತೇ ಎಮರ್ಜೆನ್ಸಿಗೆ ಹೋಗಿ. ಹಾಗೇನೇ ಬೆನ್ನುನೋವಿನ ಜೊತೆ ಜ್ವರ ಅಥ್ವಾ ಡಯಾಲಿಸಿಸ್ ವೇಳೆ ನಡುಕ ಬರ್ತಿದ್ರೆ, ಡಿಸ್ಕ್‌ಗೆ (ಬೆನ್ನುಮೂಳೆಗಳ ಮಧ್ಯದ ಮೆತ್ತೆಗೆ) ಇನ್ಫೆಕ್ಷನ್ ಆಗಿರ್ಬಹುದು, ಡಯಾಲಿಸಿಸ್‌ಗೆ ಅಂತ ರಕ್ತನಾಳಕ್ಕೆ ಹಾಕಿರೋ ಕ್ಯಾತಿಟರ್ (ನಳಿಕೆ) ಇರೋರಿಗಂತೂ ಆ ಸಾಧ್ಯತೆ ಜಾಸ್ತಿ.

ಇನ್ನು ರಿಸ್ಕ್ ಎಲ್ಲಿ ಅಂದ್ರೆ, ರಕ್ತ ನಿಲ್ಲಿಸೋ ಪ್ಲೇಟ್‌ಲೆಟ್ ಕಣಗಳ ಕೌಂಟ್ ನಾರ್ಮಲ್ ಇದ್ರೂ ಅವು ಸರಿಯಾಗಿ ಕೆಲ್ಸ ಮಾಡಲ್ಲ, ರಕ್ತಸ್ರಾವ ಜಾಸ್ತಿ ಆಗ್ಬಹುದು. ಹೃದಯಕ್ಕೆ ಮೊದ್ಲೇ ಸುಸ್ತಾಗಿರತ್ತೆ, ಎಕೋ (ಹೃದಯದ ಸ್ಕ್ಯಾನ್) ಮಾಡಿಸ್ದೆ ಮುಂದೆ ಹೋಗ್ಬೇಡಿ. ಗಾಯ ಮಾಯೋದು ನಿಧಾನ, ಇನ್ಫೆಕ್ಷನ್ ಬೇಗ. ನನಗೆ ಜಾಸ್ತಿ ಯೋಚ್ನೆ ಆಗೋದು ಮೂಳೆದು. ಕ್ಯಾಲ್ಸಿಯಂ, ಫಾಸ್ಫರಸ್, ಪ್ಯಾರಾಥೈರಾಯ್ಡ್ ಹಾರ್ಮೋನ್ ಎಲ್ಲ ಏರುಪೇರಾಗಿ ಮೂಳೆ ಟೊಳ್ಳಾಗಿರತ್ತೆ, ಬೆನ್ನುಮೂಳೆ ಜೋಡಿಸೋಕೆ ಸ್ಕ್ರೂ ಹಾಕಿದ್ರೆ ಹಿಡ್ಕೊಳ್ಳೋದು ಕಷ್ಟ, ಸಡಿಲ ಆಗತ್ತೆ, ಮತ್ತೆ ಆಪರೇಷನ್. ಹಾಗಾಗಿ ಬೆನ್ನುಮೂಳೆ ಅಲ್ಲಾಡ್ತಿಲ್ಲ ಅಂದ್ರೆ, ಸ್ಕ್ರೂ ಇಲ್ದೆ ಬರೀ ನರದ ಒತ್ತಡ ಬಿಡ್ಸೋ ಚಿಕ್ಕ ಆಪರೇಷನ್ ಸಾಕಾಗತ್ತಾ ಅಂತ ಸರ್ಜನ್‌ಗೆ ಕೇಳಿ.

ಮಾಡ್ಸೋದೇ ಆದ್ರೆ ಸಾಮಾನ್ಯವಾಗಿ ಹಿಂದಿನ ದಿನ ಡಯಾಲಿಸಿಸ್ ಮುಗಿಸಿ, ಬೆಳಿಗ್ಗೆ ಪೊಟ್ಯಾಸಿಯಂ ಚೆಕ್ ಮಾಡಿ ಒಳಗೆ ಕರ್ಕೊಂಡು ಹೋಗ್ತಾರೆ. ಆಪರೇಷನ್ ಆದ್ಮೇಲಿನ ಮೊದಲ ಡಯಾಲಿಸಿಸ್ ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಔಷಧಿ) ಇಲ್ದೆ ಮಾಡೋದು ಒಳ್ಳೇದು, ಇಲ್ಲಾಂದ್ರೆ ಆಪರೇಷನ್ ಜಾಗದಲ್ಲಿ ರಕ್ತ ಸೋರಿ ಶೇಖರವಾಗಿ ನರಾನೇ ಒತ್ತಬಹುದು. ಕಿಡ್ನಿ ಕಸಿ ಪ್ಲಾನ್ ಇದ್ರೆ ಮೊದ್ಲೇ ಹೇಳಿ, ಯಾಕಂದ್ರೆ ಬೇರೆಯವರ ರಕ್ತ ಏರಿಸಿದ್ರೆ ಆಂಟಿಬಾಡಿ ಬೆಳೆದು ಮುಂದೆ ಮ್ಯಾಚ್ ಸಿಗೋದು ಕಷ್ಟ ಆಗ್ಬಹುದು. ಫಿಸ್ಟುಲಾ (ಡಯಾಲಿಸಿಸ್‌ಗೆ ಅಂತ ಕೈಯಲ್ಲಿ ಜೋಡಿಸಿರೋ ರಕ್ತನಾಳ) ಇರೋ ಕೈಗೆ ಬಿಪಿ ಪಟ್ಟಿ, ಸೂಜಿ ಬೇಡ ಅಂತ ಕೈ ಮೇಲೇ ಬರೆಸ್ಬಿಡಿ. ಬೋರಲು ಮಲಗಿಸಿ ಗಂಟೆಗಟ್ಲೆ ಮಾಡೋ ಆಪರೇಷನ್ ಇದು, ಆ ಕೈ ಒತ್ತಿದ್ರೆ ಫಿಸ್ಟುಲಾ ಮುಚ್ಚಿಹೋಗ್ಬಹುದು.

ನರದ ನೋವಿಗೆ ಕೊಡೋ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಹೊರಗೆ ಹೋಗೋದು ಕಿಡ್ನಿಯಿಂದ, ಎಲ್ರಿಗೂ ಕೊಡೋ ಡೋಸ್ ಕೊಟ್ರೆ ಮಂಪರು ಬಂದು ಬಿದ್ಬಿಡ್ತಾರೆ. ಮಾರ್ಫಿನ್ನೂ ಹಾಗೇ ಒಳಗೆ ಉಳ್ಕೊಳ್ಳತ್ತೆ. ಮುಂದಿನ ಡಯಾಲಿಸಿಸ್‌ಗೆ ಹೋಗುವಾಗ ಎಂಆರ್‌ಐ ಫಿಲಂ, ಈಗ ತಗೋತಿರೋ ಮಾತ್ರೆಗಳು ಎಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ ಕಿಡ್ನಿ ಡಾಕ್ಟ್ರಿಗೆ ತೋರ್ಸಿ, ಅಲ್ಲಿಂದ್ಲೇ ಸರ್ಜನ್‌ಗೆ ಫೋನಲ್ಲಿ ಮಾತಾಡ್ಸಿ.