ಮನೆಯಲ್ಲಿ ಫ್ರೆಂಚ್: ಪುಟ್ಟ ಮಕ್ಕಳಿಗೆ ಹೇಗೆ ಪರಿಚಯಿಸಬೇಕು?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದವರು. ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ನನ್ನ ತಮ್ಮನ ಸಂಸಾರ ಫ್ರಾನ್ಸಿನ ಲಿಯಾನ್ ನಗರದಲ್ಲಿದ್ದು, ಅಲ್ಲಿಯೇ ಬೆಳೆಯುತ್ತಿರುವ ಅವನ ಮಕ್ಕಳೊಡನೆ ನಮ್ಮ ಮಕ್ಕಳೂ ಫ್ರೆಂಚಿನಲ್ಲಿ ನಾಲ್ಕು ಮಾತಾಡಲಿ ಎಂಬ ಆಸೆ ನಮ್ಮದು. ನಮಗಿಬ್ಬರಿಗೂ ಆ ಭಾಷೆ ಬಾರದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವಾಗ ಮೂರನೆಯದು ಸೇರಿದರೆ ಗೊಂದಲವಾಗದೇ? ಯೂಟ್ಯೂಬ್ ವಿಡಿಯೊ ತೋರಿಸಿದರೆ ಸಾಕೇ?

ಉತ್ತರ: ಗೊಂದಲದ ಭಯ ಬೇಡ. ಮನೆಯಲ್ಲಿ ಉರ್ದು, ಲಂಬಾಣಿ ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳಲ್ಲಿ ಓಡಾಡುವ ಮಕ್ಕಳು ನಿಮ್ಮ ಊರಿನಲ್ಲಿಯೇ ಬೇಕಾದಷ್ಟಿದ್ದಾರೆ. ಯಾರೊಡನೆ ಯಾವ ಭಾಷೆ ಎಂಬುದನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಒಂದರ ಪದ ಇನ್ನೊಂದರಲ್ಲಿ ನುಸುಳಿದರೆ ಗಾಬರಿಯಾಗಬೇಡಿ. ಆದರೆ ಕನ್ನಡದ ಕಥೆಗೆ, ಹರಟೆಗೆ ಮೀಸಲಾದ ಹೊತ್ತನ್ನು ಮೊಟಕುಗೊಳಿಸಿ ಫ್ರೆಂಚಿಗೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವಿಡಿಯೊ ಮಾತ್ರ ಸಾಲದು. ಅಮೆರಿಕದ ವಿಜ್ಞಾನಿ ಪಟ್ರೀಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಪೈಕಿ ಚೀನೀ ಭಾಷೆಯನ್ನು ಎದುರಿಗೆ ಕುಳಿತವರ ಬಾಯಿಂದ ಕೇಳಿದವು ಅದರ ಧ್ವನಿಗಳನ್ನು ಗುರುತಿಸಲು ಕಲಿತವು, ಅದನ್ನೇ ಪರದೆಯಲ್ಲಿ ಕಂಡವು ಕಲಿಯಲಿಲ್ಲ. ನಿಮ್ಮ ಮಕ್ಕಳು ಕೂಸುಗಳಲ್ಲವಾದ್ದರಿಂದ ವಿಡಿಯೊದಿಂದ ಅವರಿಗೆ ಕೆಲವು ಪದಗಳು ದಕ್ಕಬಹುದು. ಆದರೂ ಮರುಮಾತು ಬಾರದ ಕಡೆ ಮಾತು ಬೆಳೆಯುವುದಿಲ್ಲ. ಮರುಮಾತಾಡಲು ನಿಮ್ಮ ತಮ್ಮನ ಮಕ್ಕಳಿದ್ದಾರೆ. ಭಾನುವಾರ ಸಂಜೆ ನಮ್ಮಲ್ಲಿ ಆರು ಗಂಟೆಯಾದಾಗ ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಒಂದೂವರೆ, ಬೇಸಿಗೆಯಲ್ಲಿ ಎರಡೂವರೆ. ಆ ಹೊತ್ತಿಗೆ ವಿಡಿಯೊ ಕರೆ ಮಾಡಿ, ಬಣ್ಣ ಹುಡುಕುವ ಆಟವನ್ನೋ ವಸ್ತು ಬಚ್ಚಿಟ್ಟು ಕೇಳುವ ಆಟವನ್ನೋ ಆ ಮಕ್ಕಳಿಂದಲೇ ಆಡಿಸಿ. ಅವರು ಬಾಯ್ತುಂಬ ನಗುತ್ತಾ ತಿದ್ದಿದ ಉಚ್ಚಾರಣೆ ನೀವು ಹತ್ತು ಸಲ ತಿದ್ದಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ.

ಉಳಿದ ದಿನಗಳಲ್ಲಿ ಒಂದೇ ಒಂದು ಹೊತ್ತನ್ನು ಫ್ರೆಂಚಿಗೆ ಬಿಟ್ಟುಕೊಡಿ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುವ ಹೊತ್ತಾದರೂ ಆದೀತು: ಬಜ್ಜಿಗಳನ್ನು ಫ್ರೆಂಚಿನಲ್ಲಿ ಎಣಿಸಿ ಹಂಚುವುದು, ಇನ್ನೂ ಬೇಕಾದವರು ‘ಆಂಕೋರ್’ ಎನ್ನುವುದು, ಕೊಟ್ಟವರಿಗೆ ‘ಮೆರ್ಸಿ’ ಹೇಳುವುದು. ಇಷ್ಟು ಮಾತು ನಿಮಗೂ ಬೇಗ ಬರುತ್ತದೆ. ಮಕ್ಕಳಿಗಿಂತ ಒಂದು ಪಾಠ ಮುಂದಿದ್ದರೆ ಸಾಕು. ಟಿವಿ5ಮೋಂದ್ ವಾಹಿನಿಯ ಫ್ರೆಂಚ್ ಕಲಿಕೆಯ ಉಚಿತ ಜಾಲತಾಣದಲ್ಲಿ ಆರಂಭಿಕರಿಗೆಂದೇ ಪಾಠಗಳಿವೆ. ಅವು ದೊಡ್ಡವರಿಗೆ, ಅಂದರೆ ನಿಮಗೆ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನ ‘ಟೇಬಲ್’ ಫ್ರೆಂಚಿನಲ್ಲಿ ‘ತಾಬ್ಲ್’. ಅದರ ತಕಾರ, ದಕಾರಗಳು ನಮ್ಮವುಗಳಂತೆ ನಾಲಿಗೆಯ ತುದಿ ಹಲ್ಲಿಗೆ ತಾಗಿ ಹುಟ್ಟುತ್ತವೆ, ಪಕಾರ, ಕಕಾರಗಳಲ್ಲಿ ಉಸಿರು ಚಿಮ್ಮುವುದಿಲ್ಲ. ಕಷ್ಟ ಬೇರೆ ಕಡೆ ಇದೆ. ‘ಈ’ ಎನ್ನುತ್ತಿರುವಾಗಲೇ ನಾಲಿಗೆ ಕದಲಿಸದೆ ತುಟಿಗಳನ್ನು ‘ಊ’ಕಾರಕ್ಕೆ ದುಂಡಗೆ ಮಾಡಿದರೆ ಬರುವ ಸ್ವರ ಕನ್ನಡದಲ್ಲಿಲ್ಲ, ಕನ್ನಡಿಯ ಮುಂದೆ ನಿಲ್ಲಿಸಿದರೆ ಮಕ್ಕಳು ಇದನ್ನು ಆಟವೆಂದೇ ಮಾಡುತ್ತಾರೆ. ರಕಾರ ಗಂಟಲಿನಿಂದ ಹೊರಡುತ್ತದೆ. ಉರ್ದು ಬಲ್ಲ ನೆರೆಯವರಿಂದ ‘ಗಜಲ್’ ಎಂದು ಹೇಳಿಸಿ ಕೇಳಿ, ಅದರ ಮೊದಲ ಧ್ವನಿ ಇದಕ್ಕೆ ಬಹಳ ಹತ್ತಿರ. ನಮಸ್ಕಾರ ಹೇಳುವ ‘ಬೋಂಜೂರ್’ ಎಂಬುದರಲ್ಲಿ ನಕಾರವೇ ಇಲ್ಲ, ಸ್ವರವಷ್ಟೇ ಮೂಗಿನಲ್ಲಿ ಮೊಳಗುತ್ತದೆ. ಇದೇ ಕಾರಣಕ್ಕೆ ಫ್ರೆಂಚ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಮಕ್ಕಳಿಂದ ಓದಿಸಬೇಡಿ. ಇಲ್ಲಿ ನಾನು ಬರೆದಿರುವುದು ನಿಮ್ಮ ಅಂದಾಜಿಗೆ ಮಾತ್ರ. ಫ್ರೆಂಚ್ ಕಾಗುಣಿತವನ್ನೂ ಮುಂದೂಡಿ, ಏಕೆಂದರೆ ಪದದ ಕೊನೆಯ ಎಷ್ಟೋ ಅಕ್ಷರಗಳು ಅಲ್ಲಿ ಉಚ್ಚಾರವಾಗುವುದೇ ಇಲ್ಲ.

ವ್ಯಾಕರಣ ಹೇಳಿಕೊಡುವ ಅಗತ್ಯವಿಲ್ಲವಾದರೂ, ಅಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗವಾದ್ದರಿಂದ ನಾಮಪದವನ್ನು ಒಂಟಿಯಾಗಿ ಕಲಿಸದೆ, ಲಿಂಗ ತೋರುವ ‘ಲಾ’ ಅಥವಾ ‘ಲ’ ಸೇರಿಸಿ ‘ಲಾ ತಾಬ್ಲ್’, ‘ಲ ಲೀವ್ರ್’ ಎಂದು ಜೋಡಿಯಾಗಿಯೇ ಬಾಯಿಗೆ ಹಚ್ಚಿ. ‘ತು’, ‘ವು’ ಎಂಬ ಭೇದ ನಮ್ಮ ‘ನೀನು’, ‘ನೀವು’ಗಳಂತೆಯೇ ಇದ್ದರೂ ಬಳಕೆ ಬೇರೆ: ಫ್ರಾನ್ಸಿನ ಮಕ್ಕಳು ಸಾಮಾನ್ಯವಾಗಿ ಅಜ್ಜ ಅಜ್ಜಿಗೂ ‘ತು’ ಎನ್ನುತ್ತಾರೆ, ಅಂಗಡಿಯವರಿಗೆ ‘ವು’ ಎನ್ನುತ್ತಾರೆ. ಲಿಯಾನಿನ ಮೊಮ್ಮಕ್ಕಳು ಹಾಗೆ ಕರೆದಾಗ ಮನೆಯ ಹಿರಿಯರು ಬೇಸರಿಸದಂತೆ ಮೊದಲೇ ತಿಳಿಸಿಡಿ.

ಪರೀಕ್ಷೆಯ ವಿಚಾರವನ್ನು ನೀವು ಕೇಳಿಲ್ಲ, ಆದರೂ ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆಂದು ‘ಡೆಲ್ಫ್ ಪ್ರಿಮ್’ ಎಂಬ ಪರೀಕ್ಷೆ ಇದೆ, ಎ1.1, ಎ1, ಎ2 ಎಂಬ ಮೂರು ಹಂತಗಳು ಅದರಲ್ಲಿವೆ. ಮಗನ ಆಸಕ್ತಿ ಎರಡು ವರ್ಷ ಉಳಿದರೆ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಎಂಬ ಫ್ರೆಂಚ್ ಕಲಿಕಾ ಕೇಂದ್ರದಲ್ಲಿ ತರಗತಿ, ಪರೀಕ್ಷೆಗಳ ಬಗ್ಗೆ ವಿಚಾರಿಸಿ. ಮಗಳಿಗೆ ಸದ್ಯಕ್ಕೆ ಅದರ ಗೊಡವೆ ಬೇಡ.