ತಮಟೆ ಟ್ರ್ಯಾಕಿನ ಕಾಪಿಗೆ ಲಿಮಿಟರ್ ಹಾಕಿ ಸೇರಿಸಿದರೆ ಸದ್ದಿನ ದಮ್ಮು ಯಾಕೆ ಹೋಗುತ್ತದೆ?

ಚಿಂತಾಮಣಿಯಲ್ಲಿ ರೆಕಾರ್ಡ್ ಮಾಡಿದ ತಮಟೆಯನ್ನು ಕಾಪಿ ಮಾಡಿ, ಕಾಪಿಗೆ ಲಿಮಿಟರ್ (ಸದ್ದು ಒಂದು ಮಟ್ಟ ಮೀರದಂತೆ ತಡೆಯುವ ಪ್ಲಗಿನ್, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಹಾಕಿ ಎರಡನ್ನೂ ಸೇರಿಸಿದಾಗ ಸದ್ದು ಟೊಳ್ಳಾಯಿತು, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಸದ್ದಿನ ತುಂಡು) 64 ಸ್ಯಾಂಪಲ್‌ಗೆ ಇಳಿಸಿದರೂ ಸರಿಹೋಗಲಿಲ್ಲ ಅಂದಿದ್ದೀರಿ. ಇದು ಬಫರ್ ಸಮಸ್ಯೆ ಅಲ್ಲ ಸರ್. ಬಫರ್ ದೊಡ್ಡದಾದರೆ ಎಲ್ಲ ಟ್ರ್ಯಾಕೂ ಒಟ್ಟಿಗೇ ತಡವಾಗುತ್ತವೆ; ಹೆಡ್‌ಫೋನ್ ಹಾಕಿ ನುಡಿಸುವವರಿಗೆ ತೊಂದರೆ, ಮಿಕ್ಸ್‌ಗೆ ಅಲ್ಲ. ನಿಮ್ಮಲ್ಲಿ ಕಾಪಿಯೊಂದೇ ಹಿಂದೆ ಬಿದ್ದಿರುವ ಹಾಗಿದೆ.

ಬರುವ ಪೆಟ್ಟನ್ನು ಮೊದಲೇ ನೋಡಿ ತಗ್ಗಿಸುವ ಲಿಮಿಟರ್ ಸದ್ದನ್ನು ಅಷ್ಟು ಹೊತ್ತು ಹಿಡಿದಿಟ್ಟುಕೊಳ್ಳಲೇಬೇಕು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ತೆಗೆಯುವಾಗ, 5 ಮಿಲಿಸೆಕೆಂಡ್ ಅಂದರೆ 240 ಸ್ಯಾಂಪಲ್. ಲೀನಿಯರ್ ಫೇಸ್ ಈಕ್ಯೂ (ಎಲ್ಲ ಸ್ವರಗಳನ್ನೂ ಸಮನಾಗಿ ತಡಮಾಡುವ ಟೋನ್ ತಿದ್ದುವ ಪ್ಲಗಿನ್) ಇನ್ನೂ ಹೆಚ್ಚು ಹೊತ್ತು ತಿನ್ನುತ್ತದೆ: ಅದರ ಫಿಲ್ಟರಿನ ಉದ್ದ 4097 ಟ್ಯಾಪ್ (ಲೆಕ್ಕದ ಹೆಜ್ಜೆ) ಇದ್ದರೆ 2048 ಸ್ಯಾಂಪಲ್, ಸುಮಾರು 43 ಮಿಲಿಸೆಕೆಂಡ್. ಪ್ಲಗಿನ್ ಈ ತಡದ ಲೆಕ್ಕವನ್ನು ರೀಪರ್, ಕ್ಯೂಬೇಸ್‌ನಂಥ ಸಾಫ್ಟ್‌ವೇರ್‌ಗೆ ಹೇಳುತ್ತದೆ. ಅದು ಉಳಿದ ಟ್ರ್ಯಾಕುಗಳನ್ನು ಅಷ್ಟೇ ತಡಮಾಡಿ ಸರಿಗಟ್ಟುತ್ತದೆ. ಪ್ಲಗಿನ್ ತಪ್ಪು ಲೆಕ್ಕ ಕೊಟ್ಟರೆ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಸಮ ಮಟ್ಟದ ಎರಡು ಟ್ರ್ಯಾಕುಗಳ ನಡುವೆ ಬರೀ 1 ಮಿಲಿಸೆಕೆಂಡ್ ವ್ಯತ್ಯಾಸ ಬಂದರೂ 500, 1500, 2500 ಹರ್ಟ್ಸ್‌ನಲ್ಲಿ ಸದ್ದು ಅಳಿಸಿಹೋಗುತ್ತದೆ. ತಮಟೆಗೆ ಇದಕ್ಕಿಂತ ಅನ್ಯಾಯ ಬೇಕೇ?

ದಯವಿಟ್ಟು ವೇವ್‌ಫಾರ್ಮ್ ನೋಡಿ ಕಣ್ಣಳತೆಯಲ್ಲಿ ಸರಿಸಬೇಡಿ. ಲಿಮಿಟರ್ ಪೆಟ್ಟಿನ ಆಕಾರವನ್ನೇ ಬದಲಿಸಿರುತ್ತದೆ. ಒಂದೇ ಸ್ಯಾಂಪಲ್ಲಿನ ಕ್ಲಿಕ್ ಇರುವ ಫೈಲ್ ಮಾಡಿಕೊಳ್ಳಿ. ಲಿಮಿಟರ್ ಮುಟ್ಟದಷ್ಟು ಮಟ್ಟ ತಗ್ಗಿಸಿ. ಅದನ್ನು ಎರಡು ಟ್ರ್ಯಾಕಿನಲ್ಲಿಟ್ಟು ಒಂದನ್ನು ಪೂರ್ತಿ ಎಡಕ್ಕೆ, ಪ್ಲಗಿನ್‌ಗಳಿರುವುದನ್ನು ಪೂರ್ತಿ ಬಲಕ್ಕೆ ಹಾಕಿ ಸ್ಟೀರಿಯೋ ರೆಂಡರ್ ಮಾಡಿ (ಒಂದೇ ಫೈಲಾಗಿ ಹೊರತೆಗೆಯಿರಿ). ಸ್ಯಾಂಪಲ್ ಕಾಣುವಷ್ಟು ಝೂಮ್ ಮಾಡಿ ಎಣಿಸಿ. ಎರಡೂ ಒಂದೇ ಕಡೆ ನಿಂತಿದ್ದರೆ ತೊಂದರೆ ಬೇರೆ ಎಲ್ಲೋ ಇದೆ. ಕಾಪಿ 240 ಸ್ಯಾಂಪಲ್ ಹಿಂದಿದ್ದರೆ ಮೂಲ ಟ್ರ್ಯಾಕಿಗೆ ಅಷ್ಟೇ ಸ್ಯಾಂಪಲ್ ಡಿಲೇ ಕೊಡಿ. ಆಮೇಲೆ ಒಂದರ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗಾಗಿಸಿ) ಎರಡನ್ನೂ ಮಧ್ಯಕ್ಕೆ ತಂದು ಪ್ಲೇ ಮಾಡಿ: ಮಟ್ಟ ಸಮವಿದ್ದು, ಪ್ಲಗಿನ್ ಸದ್ದನ್ನು ಬದಲಿಸದ ಸೆಟ್ಟಿಂಗಿನಲ್ಲಿದ್ದರೆ ಪೂರ್ತಿ ನಿಶ್ಶಬ್ದವಾಗಬೇಕು. ಪ್ಲಗಿನ್ ಬೈಪಾಸ್ ಮಾಡಿ (ಕೆಲಸ ಮಾಡದಂತೆ ಬದಿಗಿಟ್ಟು) ಪರೀಕ್ಷಿಸಬೇಡಿ, ಕೆಲವು ಪ್ಲಗಿನ್‌ಗಳು ಬೈಪಾಸ್‌ನಲ್ಲಿ ತಡವನ್ನೇ ಕೈಬಿಡುತ್ತವೆ.

ಮಾಮೂಲಿ ಈಕ್ಯೂನಲ್ಲಿ ಕ್ಲಿಕ್ ಸ್ವಲ್ಪ ಹರಡಿಕೊಳ್ಳುವುದು ಸಹಜ, ಅದು ಫಿಲ್ಟರಿನ ಫೇಸ್, ಅಂದರೆ ಬೇರೆ ಬೇರೆ ಸ್ವರಗಳನ್ನು ಬೇರೆ ಬೇರೆ ಅಳತೆಯಲ್ಲಿ ಸರಿಸುವುದು. ಡಿಲೇ ಕೊಟ್ಟು ತಿದ್ದುವಂಥದ್ದಲ್ಲ.

ನಾನು ಕೋಲಾರದಲ್ಲಿ ಜಾನಪದ ತಂಡಗಳನ್ನು ರೆಕಾರ್ಡ್ ಮಾಡುವಾಗ ಇಂಥ ಪ್ಲಗಿನ್‌ಗಳನ್ನು ತೆಗೆದೇ ಇಡುತ್ತೇನೆ, ತಡ ನೇರ ಕಲಾವಿದರ ಕಿವಿಗೆ ಬೀಳುತ್ತದೆ. ಮಿಕ್ಸ್ ವೇಳೆ ಓವರ್‌ಸ್ಯಾಂಪ್ಲಿಂಗ್ (ಪ್ಲಗಿನ್ ಒಳಗೆ ಸ್ಯಾಂಪಲ್ ಸಂಖ್ಯೆ ಹೆಚ್ಚಿಸಿ ಲೆಕ್ಕ ಮಾಡುವ ಸೆಟ್ಟಿಂಗ್) ಬದಲಿಸಿದರೆ ತಡವೂ ಬದಲಾಗಬಹುದು, ಆಗ ಮತ್ತೆ ಕ್ಲಿಕ್ ಹಾಕಿ ಎಣಿಸಿ.